ಮದುವೆ ಮಾಡಿಸುವ ನೆರಿಡಾ

ವಾರದ ದಿನಗಳಲ್ಲಿ ನೆರಿಡಾ ಹಾಲ್ಡೇನ್ ಶಾಲೆಯ ಬಸ್ಸು ಓಡಿಸುತ್ತಿದ್ದಳು, ಶನಿವಾರ ಮದುವೆ ಮಾಡಿಸುತ್ತಿದ್ದಳು, ಭಾನುವಾರ ಚರ್ಚಿನ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಬೈಬಲ್ ಕಥೆ ಹೇಳುತ್ತಿದ್ದಳು. ಮೂರರಲ್ಲಿ ಅವಳ ಜೀವವೆಲ್ಲ ಇದ್ದದ್ದು ಭಾನುವಾರದ ಕೆಲಸದಲ್ಲಿ. ಆಸ್ಟ್ರೇಲಿಯಾದ ಗೋಧಿ ಬೆಳೆಯುವ ಆ ಊರಿನ ಅರ್ಧ ಜನ, ಪ್ರಳಯದಲ್ಲಿ ಪ್ರಾಣಿಗಳನ್ನು ಜೋಡಿ ಜೋಡಿಯಾಗಿ ಉಳಿಸಿದ ನೋಹನ ಹಡಗಿನ ಕಥೆ ಕೇಳಿದ್ದೇ ಅವಳ ಬಾಯಲ್ಲಿ. ಅವಳ ಕಥೆಯಲ್ಲಿ ಬಾಲ ಇಡಲು ಜಾಗವಿಲ್ಲವೆಂದು ಗೊಣಗುತ್ತ ಎಲ್ಲರಿಗಿಂತ ಕೊನೆಗೆ ಹಡಗು ಹತ್ತುವುದು ಕಾಂಗರೂ ಜೋಡಿ.

ಅಲ್ಲಿ ಮದುವೆ ಮಾಡಿಸಲು ಪಾದ್ರಿಯೇ ಆಗಬೇಕಿಲ್ಲ, ಸರ್ಕಾರದ ಪರವಾನಗಿ ಇದ್ದರೆ ಯಾರ ಹಿತ್ತಲಲ್ಲಾದರೂ ಮಾಡಿಸಬಹುದು. ಆದರೆ ಕಾನೂನು ಬರೆದಿಟ್ಟ ಒಂದು ವಾಕ್ಯವನ್ನು ಗಟ್ಟಿಯಾಗಿ ಹೇಳಲೇಬೇಕು: ಆಸ್ಟ್ರೇಲಿಯಾದಲ್ಲಿ ಮದುವೆಯೆಂದರೆ ಒಬ್ಬ ಗಂಡು, ಒಬ್ಬ ಹೆಣ್ಣು ಬಾಳಿನುದ್ದಕ್ಕೂ ಒಂದಾಗುವುದು. ಅವಳ ಮದುವೆಗಳಿಗೆಲ್ಲ ಮೈಕು ಹಾಕುತ್ತಿದ್ದವನು ತಮ್ಮ ಲಿಂಡ್ಸೆ. ಈ ವಾಕ್ಯದ ಹೊತ್ತಿಗೆ ಸರಿಯಾಗಿ ಅವನಿಗೆ ವೈರು ನೋಡುವ ಕೆಲಸ ಬರುತ್ತಿತ್ತು. ವೈರಿಗೆ ಏನೂ ಆಗಿರುತ್ತಿರಲಿಲ್ಲ. ಮಾಂಸದಂಗಡಿಯ ಕೆಲ್ವಿನ್ ಜೊತೆ ಅಂಗಡಿಯ ಹಿಂದಿನ ಮನೆಯಲ್ಲಿ ಸಂಸಾರ ಮಾಡಿ ಮಾಡಿ ಲಿಂಡ್ಸೆಯ ತಲೆ ಬೆಳ್ಳಗಾಗಿತ್ತು.

ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗಬಹುದೇ ಎಂದು ಸರ್ಕಾರ ಅಂಚೆಯಲ್ಲಿ ಮನೆಮನೆಯನ್ನೂ ಕೇಳಿದ ವರ್ಷ ಊರು ಎರಡಾಯಿತು. ಚರ್ಚಿನ ಬೇಲಿಗೆ ‘ಬೇಡ’ ಎಂಬ ಹಲಗೆ ಬಿತ್ತು, ಕೆಲ್ವಿನ್ ಅಂಗಡಿಯ ಗಾಜಿಗೆ ‘ಬೇಕು’ ಎಂಬ ಚೀಟಿ. ಬೇಡ ಎಂದವರೂ ಸಾಸೇಜು ಕೊಳ್ಳುತ್ತಿದ್ದದ್ದು ಅಲ್ಲೇ. ಊರಲ್ಲಿ ಇನ್ನೊಂದು ಅಂಗಡಿ ಇರಲಿಲ್ಲ ನೋಡಿ, ಧರ್ಮಕ್ಕೂ ಸಾಸೇಜಿಗೂ ಜಗಳ ಬರಲಿಲ್ಲ. ಕೊನೆಗೆ ದೇಶ ಬೇಕು ಎಂದಿತು, ಕಾನೂನೂ ಆಯಿತು.

ಅದಾದ ವಾರದಲ್ಲೇ ಮೆರ್ವಿನ್ ಟಕ್ವೆಲ್ ನೆರಿಡಾಳ ವರಾಂಡಕ್ಕೆ ಬಂದು ಕೂತ. ಶಾಲೆಯಲ್ಲಿ ಅವಳ ಜೊತೆ ಓದಿದವನು, ಈಗ ಚರ್ಚಿನ ಹಿರಿಯ. ಪಾದ್ರಿ ಬರುವುದು ತಿಂಗಳಿಗೊಮ್ಮೆ, ಉಳಿದ ಭಾನುವಾರ ಪ್ರಾರ್ಥನೆ ನಡೆಸುವವನು ಅವನೇ.

“ನೆರಿ, ಹೊಸ ಕಾನೂನಲ್ಲಿ ನಿನ್ನಂಥೋರಿಗೂ ಒಂದು ದಾರಿ ಬಿಟ್ಟಿದ್ದಾರೆ. ಧರ್ಮದ ಪ್ರಕಾರ ಮದುವೆ ಮಾಡಿಸೋಳು ಅಂತ ಪರವಾನಗೀಲಿ ಬದಲಾಯಿಸ್ಕೊಂಡ್ರೆ ಸಾಕು. ಬೇಡ ಅನ್ನಿಸಿದ ಮದುವೆಗೆ ಆಗಲ್ಲ ಅನ್ಬಹುದು, ಯಾರೂ ಕೇಳೋ ಹಾಗಿಲ್ಲ. ಧರ್ಮದ ಸ್ವಾತಂತ್ರ್ಯ.”

“ಒಳ್ಳೇದಾಯ್ತು. ಬೇಕಾದೋರು ತಗೊಳ್ಲಿ.”

“ನಿಂಗೆ ಬೇಡ್ವಾ?”

“ಜನವರೀಲಿ ಲಿಂಡ್ಸೆ ಮದುವೆ ಮಾಡಿಸ್ತಾ ಇದ್ದೀನಿ ಮೆರ್ವ್. ಬಿಸ್ಕತ್ತು ತಗೋ.”

ಮೆರ್ವಿನ್ ಬಿಸ್ಕತ್ತು ಮುಟ್ಟಲಿಲ್ಲ. “ಹಾಗಾದ್ರೆ ಮಕ್ಕಳ ಕ್ಲಾಸು ನಿನ್ನ ಕೈಲಿ ಬಿಡೋಕಾಗಲ್ಲ. ಹಿರಿಯರೆಲ್ಲ ಕೂತು ಮಾತಾಡಿದ್ದೀವಿ. ನಿನ್ನ ಮೇಲೆ ಸಿಟ್ಟಲ್ಲ. ದೇವರ ಮಾತನ್ನ ನಾವು ತಿದ್ದೋಕಾಗುತ್ತಾ?”

ಬೈಗುಳಕ್ಕೆ ನೆರಿಡಾ ಸಿದ್ಧಳಾಗಿದ್ದಳು, ಇದಕ್ಕಲ್ಲ. ಸಿಟ್ಟು ನೆತ್ತಿಗೇರಿತು.

“ಚರ್ಚಲ್ಲಿ ಮಾಡಿಸಿ ಅಂತ ನಾ ಕೇಳಿದ್ನಾ? ನಿಮ್ಮ ಬಾಗಿಲು ನಿಮ್ಮದು, ತೆಗೀರಿ, ಹಾಕ್ಕೊಳ್ಳಿ. ನಿಮಗೆ ಯಾರಾದ್ರೂ ಬಲವಂತ ಮಾಡೋಕೆ ಬಂದ್ರೆ ಮೊದಲು ಅಡ್ಡ ನಿಲ್ಲೋಳು ನಾನೇ. ಆದ್ರೆ ಆ ಸ್ವಾತಂತ್ರ್ಯ ನಿನಗೊಬ್ಬನಿಗೇ ಬರ್ಕೊಟ್ಟಿದ್ದಾರಾ? ನಂಗೂ ಒಬ್ಬ ದೇವರಿದ್ದಾನೆ ಮೆರ್ವ್. ಅವನನ್ನ ಕೇಳ್ಕೊಂಡೇ ಇದಕ್ಕೆ ಹೊರಟಿರೋದು.”

“ಏನಂದ ಅವನು?” ಮೆರ್ವಿನ್ ಕೊಂಕು ತೆಗೆದ.

“ಒಳ್ಳೇ ಬಟ್ಟೆ ಇಸ್ತ್ರಿ ಮಾಡ್ಕೊಂಡು ಹೋಗು ಅಂದ.”

ಸುದ್ದಿ ಕೇಳಿ ಲಿಂಡ್ಸೆ ಓಡಿಬಂದ. “ಪಟ್ಟಣದಿಂದ ಬೇರೆ ಯಾರನ್ನಾದ್ರೂ ಕರೆಸ್ತೀವಿ ನೆರಿ. ಆ ಕ್ಲಾಸು ಬಿಟ್ಟು ನೀನು ಇರ್ತೀಯಾ?”

“ಇರಲ್ಲ. ಅಳ್ತೀನಿ. ಅತ್ಕೊಂಡೇ ಮಾಡಿಸ್ತೀನಿ. ಊರಿನ ಗೂಬೆಗಳಿಗೆಲ್ಲ ಮದುವೆ ಮಾಡಿಸಿದ್ದೀನಿ, ನಿನ್ನದು ಪರರ ಕೈಗೆ ಕೊಡ್ಲಾ? ಸುಮ್ನೆ ಹೋಗಿ ಮೈಕು ನೋಡ್ಕೋ.”

ಕಾನೂನಿನ ವಾಕ್ಯದಲ್ಲಿ ಈಗ ಗಂಡು ಹೆಣ್ಣಿನ ಜಾಗದಲ್ಲಿ ‘ಇಬ್ಬರು’ ಎಂದಿತ್ತು. ಹಳೆಯದು ನಾಲಿಗೆಗೆ ಅಂಟಿಹೋಗಿತ್ತು, ಅದಕ್ಕೆ ಮಕ್ಕಳನ್ನೆಲ್ಲ ಇಳಿಸಿ ವಾಪಸ್ ಬರುವಾಗ ಖಾಲಿ ಬಸ್ಸಿನಲ್ಲಿ ನೆರಿಡಾ ಹೊಸದನ್ನು ಕೂಗಿ ಕೂಗಿ ಹೇಳಿಕೊಂಡಳು.

ಮದುವೆ ನಡೆದದ್ದು ಮಾಂಸದಂಗಡಿಯ ಹಿತ್ತಲಲ್ಲಿ, ಶನಿವಾರ, ಅಲ್ಲಿನ ಜನವರಿಯ ನೆತ್ತಿ ಸುಡುವ ಬಿಸಿಲಲ್ಲಿ. ಚರ್ಚಿನವರಲ್ಲಿ ಬಂದವರು ಕಡಿಮೆ, ನೊಣಗಳು ಮಾತ್ರ ಒಂದೂ ತಪ್ಪಿಸಿಕೊಂಡಿರಲಿಲ್ಲ. ಕೆಲ್ವಿನ್ ಮೈಗೆ ಬಿಗಿಯಾದ ಕೋಟಿನಲ್ಲಿ ಬೆವರುತ್ತಿದ್ದ. “ಇಬ್ಬರು” ಎಂದು ನೆರಿಡಾ ಹೇಳಿದ್ದು ಎದುರು ಬೀದಿಗೂ ಕೇಳಿಸಿರಬೇಕು. ಲಿಂಡ್ಸೆ ನಿಂತಲ್ಲೇ ಗಳಗಳನೆ ಅತ್ತ.

ಮರುದಿನ ಬೆಳಿಗ್ಗೆ ಚರ್ಚಿನಲ್ಲಿ ಬೇರೊಬ್ಬಾಕೆ ಮಕ್ಕಳನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ನೆರಿಡಾ ಆ ಕಡೆ ತಿರುಗಲಿಲ್ಲ. ತಿರುಗಿದ್ದರೆ ಮೆರ್ವಿನ್ ಎದುರಿಗೇ ಅತ್ತುಬಿಡುತ್ತಿದ್ದಳು, ಅವನಿಗೆ ಆ ಸುಖ ಕೊಡಲು ಅವಳಿಗೆ ಇಷ್ಟವಿರಲಿಲ್ಲ. ಎಲ್ಲರಿಗಿಂತ ಮುಂದಿನ ಬೆಂಚಿನಲ್ಲಿ ಕೂತಳು.

ಆ ಚರ್ಚಿನಲ್ಲಿ ಪ್ರಾರ್ಥನೆಗೆ ಮೊದಲು “ಈ ವಾರದ ಸಂತೋಷಗಳೇನು?” ಎಂದು ಕೇಳುವ ರೂಢಿ. ಮೊಮ್ಮಗು ಹುಟ್ಟಿದವರು, ಕೊಯ್ಲು ಮುಗಿದವರು, ಮಂಡಿ ಆಪರೇಷನ್ ಆಗಿ ಎದ್ದು ಓಡಾಡಿದವರು ನಿಂತು ಹೇಳುತ್ತಾರೆ. ಪ್ರಾರ್ಥನೆ ನಡೆಸುವವನು “ದೇವರಿಗೆ ಸ್ತೋತ್ರ” ಎನ್ನುತ್ತಾನೆ, ಉಳಿದವರು ದನಿಗೂಡಿಸುತ್ತಾರೆ. ಒಮ್ಮೆ ಒಬ್ಬ ಮುದುಕ ಎದ್ದು ತನ್ನ ನಾಯಿ ಸತ್ತುಹೋಯಿತೆಂದಾಗಲೂ ಇಡೀ ಸಭೆ ಸ್ತೋತ್ರ ಹೇಳಿಬಿಟ್ಟಿತ್ತು.

ಒಬ್ಬಾಕೆ ಮೊಮ್ಮಗಳು ಪಾಸಾದದ್ದನ್ನು ಹೇಳಿದಳು. ಸ್ತೋತ್ರವಾಯಿತು. ಒಬ್ಬ ತನ್ನ ಕೊಳವೆ ಬಾವಿಯಲ್ಲಿ ನೀರು ಬಂದದ್ದನ್ನು ಹೇಳಿದ. ಸ್ತೋತ್ರವಾಯಿತು. ನೆರಿಡಾ ಎದ್ದಳು.

“ನನ್ನ ತಮ್ಮ ಲಿಂಡ್ಸೆಗೂ ಕೆಲ್ವಿನ್‌ಗೂ ನಿನ್ನೆ ಮದುವೆ ಆಯ್ತು. ನಾನೇ ಮಾಡಿಸ್ದೆ. ಅದೇ ನನ್ನ ಸಂತೋಷ.”

“ದೇವರಿಗೆ ಸ್ತೋತ್ರ,” ಎಂದ ಮೆರ್ವಿನ್.

“ದೇವರಿಗೆ ಸ್ತೋತ್ರ,” ಎಂದಿತು ಸಭೆ.

ಆಮೇಲೆ ಮೆರ್ವಿನ್‌ನ ಮುಖ ಕಿವಿಯವರೆಗೂ ಕೆಂಪಾಯಿತು.

“ಅದು… ಬಾಯಿ ತಪ್ಪಿ ಬಂದಿದ್ದು. ರೂಢಿ,” ಎಂದು ತಡವರಿಸಿದ.

“ದೇವರಿಗೆ ಹೇಳಿದ್ದು ಮೆರ್ವ್. ವಾಪಸ್ ತಗೋತೀಯಾ?” ನೆರಿಡಾ ನಿಂತೇ ಇದ್ದಳು. “ತಗೊಳ್ಳೋದಾದ್ರೆ ಎಲ್ಲರ ಮುಂದೆ, ಅವನಿಗೇ ಹೇಳು. ನಾನೂ ಕೇಳಿಸ್ಕೊಳ್ತೀನಿ.”

ಮೆರ್ವಿನ್ ಹಾಡಿನ ಪುಸ್ತಕ ತಿರುವಿದ. ವಾಪಸ್ ತೆಗೆದುಕೊಳ್ಳಲಿಲ್ಲ. ಅವಳಿಗೆ ಮಕ್ಕಳ ಕ್ಲಾಸನ್ನೂ ವಾಪಸ್ ಕೊಡಲಿಲ್ಲ. ಮುಂದಿನ ಭಾನುವಾರವೂ ನೆರಿಡಾ ಬಂದು ಮುಂದಿನ ಬೆಂಚಿನಲ್ಲೇ ಕೂತಳು.