ಸೆಲ್ವಿಯ ಫೋನಿನಲ್ಲಿ ಕೂಗುವ ಸಂಗು

ಉರಿಗಾಂ ಸ್ಟೇಷನ್ನಿನಲ್ಲಿ ಬೆಳಗಿನ ರೈಲಿಗೆ ಕಾಯುವವರ ನಡುವೆ ಸೆಲ್ವಿಯನ್ನು ಗುರುತಿಸುವುದು ಸುಲಭ. ಉಳಿದವರೆಲ್ಲ ರೈಲು ಬರುವ ಕಡೆ ನೋಡುತ್ತಿದ್ದರೆ ಅವಳು ಮಾತ್ರ ತನ್ನ ಮನೆಯ ಕಡೆ ನೋಡುತ್ತ ನಿಂತಿರುತ್ತಾಳೆ.

ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಸಂತೆಗೆ ಹೋದರೆ ತೆಲುಗು. ನಮ್ಮ ಕೋಲಾರ ಚಿನ್ನದ ಗಣಿಯ ಮಕ್ಕಳೆಲ್ಲ ಹಾಗೆಯೇ ಬೆಳೆದವರು. ಶಾಲೆ ಬಿಟ್ಟ ಮೇಲೆ ತರಗತಿಯ ಕಿಟಕಿಗಳಿಗೆ ಅಗುಳಿ ಹಾಕುವ ಕೆಲಸವನ್ನು ನಾನು ಅವಳಿಗೆ ವಹಿಸಿದ್ದೆ. ಹಾಕಿ ಹೋದವಳು ಅರ್ಧ ದಾರಿಯಿಂದ ಓಡಿ ಬಂದು, ಒಂದೊಂದನ್ನೂ ಎಳೆದು ನೋಡಿ, ಮತ್ತೆ ಹೋಗುತ್ತಿದ್ದಳು. ಆ ಸ್ವಭಾವ ಈಗಲೂ ಬದಲಾಗಿಲ್ಲ. ಆಗ ಕಿಟಕಿಗಳಿದ್ದವು, ಈಗ ಅವಳ ಮಾವ ಕುಪ್ಪುಸ್ವಾಮಿ ಇದ್ದಾರೆ.

ಕುಪ್ಪುಸ್ವಾಮಿ ಇಲ್ಲಿನ ಮೈಸೂರು ಮೈನ್ಸ್‌ನಲ್ಲಿ ಸುರಂಗದೊಳಗೆ ಮರದ ಆಸರೆ ನಿಲ್ಲಿಸುವ ಕೆಲಸದಲ್ಲಿದ್ದವರು. ಗಣಿ ಮುಚ್ಚಿದ ಮೇಲೆ ಆಂಡರ್ಸನ್‌ಪೇಟೆಯ ಬಡಗಿಯೊಬ್ಬನ ಅಂಗಡಿಯಲ್ಲಿ ಕೆಲವು ಕಾಲ ಬಾಗಿಲು ಚೌಕಟ್ಟುಗಳನ್ನು ಮಾಡಿದರು. ಸಭ್ಯ ಮನುಷ್ಯ. ಸೊಸೆಯನ್ನು 'ಅಮ್ಮಾ' ಎಂದೇ ಕರೆಯುವರು. ಹೆಂಡತಿ ತೀರಿಕೊಂಡ ಮೇಲೆ ಅವರ ನೆನಪು ಒಂದೊಂದಾಗಿ ಕಳಚತೊಡಗಿತು. ಮೊದಲು ಹೆಸರುಗಳು ಹೋದವು, ಆಮೇಲೆ ವಾರಗಳು, ಕಡೆಗೆ ಹಸಿವೂ ಹೋಯಿತು. ಎದುರಿಗೆ ಅನ್ನವಿದ್ದರೂ ಉಣ್ಣಬೇಕೆಂದು ತೋಚುತ್ತಿರಲಿಲ್ಲ. ಸಕ್ಕರೆ ಕಾಯಿಲೆಯವರು, ಮಾತ್ರೆಯನ್ನೂ ಊಟವನ್ನೂ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳದಿದ್ದರೆ ಬಿದ್ದುಹೋಗುತ್ತಾರೆ. ಒಮ್ಮೆ ಸೆಲ್ವಿ ಸಂಜೆ ಮನೆಗೆ ಬಂದಾಗ ಅವರು ಒಲೆಯ ಪಕ್ಕದಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದರು. ಬೆಳಗಿನ ಇಡ್ಲಿ ಮುಚ್ಚಿಟ್ಟ ಹಾಗೆಯೇ ಇತ್ತು.

ಸೆಲ್ವಿ ಮನೆಯಲ್ಲಿ ಕೂರುವಂತಿಲ್ಲ. ಗಂಡ ವೇಣು ಹೊಸೂರಿನಲ್ಲಿ ಕಾರ್ಖಾನೆಯ ಕಾವಲುಗಾರ. ರಜೆ ಸಿಕ್ಕಾಗ ಬರುತ್ತಾನೆ. ಅವಳು ಬಂಗಾರಪೇಟೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಾಳೆ. ಅಲ್ಲಿ ಗೇಟಿನಲ್ಲೇ ಫೋನು ಒಪ್ಪಿಸಿ ಒಳಗೆ ಹೋಗಬೇಕು, ಸಂಜೆಯವರೆಗೆ ಅದು ಕೈಗೆ ಸಿಗುವುದಿಲ್ಲ. ಪಕ್ಕದ ಮನೆಯ ಮಾರಿಯಮ್ಮ ನೋಡಿಕೊಳ್ಳಬಹುದಿತ್ತು. ಆದರೆ ಅವಳು ಆಂಡರ್ಸನ್‌ಪೇಟೆಯಲ್ಲಿ ಇಡ್ಲಿ ಮಾರಿ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ.

ಸೆಲ್ವಿಗೆ ಹೊಳೆದದ್ದು ತನ್ನ ಹಳೆಯ, ಗುಂಡಿ ಒತ್ತುವ ಫೋನು. ಮೂಲೆಯ ಒಡಕಿಗೆ ರಬ್ಬರ್ ಬ್ಯಾಂಡು ಸುತ್ತಿಕೊಂಡಿದ್ದ ಅದನ್ನು ಒಂದು ಭಾನುವಾರ ನನ್ನ ಬಳಿಗೆ ತಂದಳು. ಇಬ್ಬರೂ ಕುಳಿತು ಬೆಳಗಿಗೊಂದು, ಮಧ್ಯಾಹ್ನಕ್ಕೊಂದು ಅಲಾರಂ ಇಟ್ಟೆವು. ಆಸ್ಪತ್ರೆಯಿಂದ ಮಾತ್ರೆ ತರುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ತಿಂಗಳು ತಿಂಗಳೂ ನೆನಪಿಸುವಂತೆ ಮಾಡಿದೆವು. ಸೋಮವಾರ ಅಲಾರಂ ಬಡಿಯಿತು, ಮಂಗಳವಾರ ಬಡಿಯಲಿಲ್ಲ. ನೋಡಿದರೆ 'ಒಮ್ಮೆ ಮಾತ್ರ' ಎಂಬಲ್ಲಿಗೆ ನಿಂತಿತ್ತು. ಅದನ್ನು ಬದಲಿಸಿ, ಅವಳು ಮನೆಯಲ್ಲಿರುವ ಭಾನುವಾರವೊಂದನ್ನು ಬಿಟ್ಟು ವಾರದ ಉಳಿದೆಲ್ಲ ದಿನಕ್ಕೂ ಗುರುತು ಹಾಕಿದೆವು.

ಬಡಿಯುವುದೇನೋ ಬಡಿಯಿತು. ಕುಪ್ಪುಸ್ವಾಮಿಯವರು ಏಳಬೇಕಲ್ಲ! ಕೋಳಿಯ ಕೂಗು ಇಟ್ಟರೆ ಕೋಳಿಯನ್ನು ಹುಡುಕಿದರು. ಸಂಗೀತ ಇಟ್ಟರೆ ಕಣ್ಣು ಮುಚ್ಚಿ ಕೇಳಿದರು. ಆ ಫೋನಿನಲ್ಲಿದ್ದ ಸದ್ದುಗಳನ್ನು ಸೆಲ್ವಿ ಒಂದೊಂದಾಗಿ ಒತ್ತುತ್ತ ಹೋದಳು. ಪಟ್ಟಿಯ ಕೊನೆಯಲ್ಲಿ ಉದ್ದಕ್ಕೆ ಎಳೆದು ಕೂಗುವ ಸೈರನ್ ಒಂದಿತ್ತು. ಅದು ಕೇಳಿದ್ದೇ ತಡ, ಗೋಡೆಗೊರಗಿದ್ದ ಕುಪ್ಪುಸ್ವಾಮಿ ಎದ್ದು ನಿಂತರು. "ಸಂಗು ಕೂಗ್ತು" ಎಂದರು.

ಗಣಿಯ ಸೈರನ್ನಿಗೆ ನಮ್ಮ ಕಾರ್ಮಿಕರ ಸಾಲುಸಾಲು ಲೈನ್ ಮನೆಗಳಲ್ಲಿ ಸಂಗು ಎಂದೇ ಹೆಸರು. ಗಂಡಸರು ಶಿಫ್ಟಿಗೆ ಹೊರಡುತ್ತಿದ್ದುದು, ಹೆಂಗಸರು ಒಲೆ ಹಚ್ಚುತ್ತಿದ್ದುದು, ನಾವು ಶಾಲೆಯ ಗಡಿಯಾರ ತಿದ್ದಿಕೊಳ್ಳುತ್ತಿದ್ದುದು ಎಲ್ಲವೂ ಅದರ ಕೂಗಿಗೆ. ಗಣಿ ಮುಚ್ಚಿದಾಗ ಸಂಗೂ ನಿಂತಿತು. ಕುಪ್ಪುಸ್ವಾಮಿಯವರ ಕಿವಿಯಲ್ಲಿ ಮಾತ್ರ ಅದಕ್ಕೆ ಇನ್ನೂ ಜಾಗವಿತ್ತು.

ಸೆಲ್ವಿ ಆ ಸದ್ದನ್ನೇ ಇಟ್ಟಳು. ಅವರ ಹಳೆಯ ಊಟದ ಡಬ್ಬಿಯನ್ನು ಅಟ್ಟದಿಂದ ಇಳಿಸಿ ತೊಳೆದು, ಅದರಲ್ಲಿ ಅನ್ನ ಸಾರು, ಮುಚ್ಚಳದಲ್ಲಿ ಮಾತ್ರೆ ಇಟ್ಟು ಹೋಗತೊಡಗಿದಳು. ಫೋನು ಅವರ ಕೈಗೆ ಎಟುಕದ ಎತ್ತರದ ಹಲಗೆಯ ಮೇಲೆ, ಚಾರ್ಜಿಗೆ ಸಿಕ್ಕಿಸಿದ ಹಾಗೆಯೇ. ಸಂಗು ಕೂಗಿದರೆ ಅವರು ಮುಖ ತೊಳೆದು, ಮಾತ್ರೆ ನುಂಗಿ, ಉಣ್ಣುತ್ತಿದ್ದರು. ಸಂಜೆ ಡಬ್ಬಿ ಖಾಲಿ. ಸೆಲ್ವಿಯ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು ಕಂಡಿತು.

ಸಂಗು ಕೂಗುವುದು ಉಣ್ಣುವುದಕ್ಕೆ ಮಾತ್ರವಲ್ಲ, ಉಂಡು ಹೊರಡುವುದಕ್ಕೆ. ಇದು ಅವಳಿಗೆ ಹೊಳೆಯಲಿಲ್ಲ.

ಒಂದು ಸಂಜೆ ಆಟೋ ಓಡಿಸುವ ಸುಬ್ರಮಣಿ ಕುಪ್ಪುಸ್ವಾಮಿಯವರನ್ನು ಕರೆತಂದು ಬಾಗಿಲಲ್ಲಿ ಇಳಿಸಿದ. ಮೈಸೂರು ಮೈನ್ಸ್‌ನ ಆಳುಗಳನ್ನು ಲಿಫ್ಟಿನಂಥ ಕೇಜಿನಲ್ಲಿ ಕೆಳಗಿಳಿಸುತ್ತಿದ್ದ, ಈಗ ಮುಚ್ಚಿರುವ ಶಾಫ್ಟಿನ ಬೇಲಿಯ ಹತ್ತಿರ, ಬಿಸಿಲಿನಲ್ಲಿ, ಡಬ್ಬಿ ಹಿಡಿದುಕೊಂಡು ನಿಂತಿದ್ದರಂತೆ.

"ಸೆಲ್ವಕ್ಕಾ, ನಿಮ್ಮ ಮಾಮ ಡ್ಯೂಟಿಗೆ ಬಂದಿದ್ರು" ಎಂದ ಸುಬ್ರಮಣಿ ನಗುತ್ತ. "ಹತ್ರ ಓದ್ರೆ ಕ್ಯೂನಾಗೆ ಬಾರಲಾ ಅಂತ ನಂಗೇ ಬೈದ್ರು. ಡ್ಯೂಟಿ ಟೋಕನ್ನ ಬೇಲಿ ಒಳಗೆ ಕೈ ಆಕಿ ತೋರಿಸ್ತಾ ಅವ್ರೆ, ಈಸ್ಕೊಳ್ಳೋರು ಯಾರು?"

ಕುಪ್ಪುಸ್ವಾಮಿ ನಗಲಿಲ್ಲ. "ಕೇಜು ಕೆಳಗೇ ನಿಂತೋಗೈತಮ್ಮ. ಬೆಲ್ ಒಡುದ್ರೂ ಮೇಲಕ್ಕೆ ಬರ್ಲಿಲ್ಲ" ಎಂದು ಸೊಸೆಗೆ ವಿವರಿಸಿದರು.

ಆ ಬೇಲಿಯ ಸುತ್ತ ಪಾಳು ಗುಂಡಿಗಳಿವೆ. ಸೆಲ್ವಿ ಮಾರನೆಯ ದಿನ ಹೊರಗಿನಿಂದ ಬೀಗ ಹಾಕಿ ಹೋದಳು.

ಅಂದು ಮಧ್ಯಾಹ್ನ ಮಾರಿಯಮ್ಮ ಇಡ್ಲಿ ಪಾತ್ರೆ ಇಳಿಸಿ ಕೂತಾಗ ನಡುಗೋಡೆಯಲ್ಲಿ ಸದ್ದು ಕೇಳಿತು. ಡಬ್ಬಿಯ ಮುಚ್ಚಳದಿಂದ ಗೋಡೆಗೆ ಬಡಿಯುವ ಸದ್ದು. ಬಡಿದು, ಸ್ವಲ್ಪ ಹೊತ್ತು ಸುಮ್ಮನಾಗಿ, ಮತ್ತೆ ಬಡಿಯುವುದು. ಮಾರಿಯಮ್ಮನ ಗಂಡನೂ ಗಣಿಯವನೇ. ಒಳಗೆ ಬಂಡೆ ಸಿಡಿದು ದಾರಿ ಮುಚ್ಚಿಹೋದಾಗ, ಸಿಕ್ಕಿಕೊಂಡವರು ಇನ್ನೂ ಬದುಕಿದ್ದೇವೆಂದು ಹೊರಗಿನವರಿಗೆ ತಿಳಿಸಲು ಪೈಪಿನ ಮೇಲೆ ಹಾಗೆ ಬಡಿಯುತ್ತಿದ್ದರೆಂದು ಅವಳು ಬಲ್ಲಳು. ಕುಪ್ಪುಸ್ವಾಮಿ ಹರೆಯದಲ್ಲಿ ಒಮ್ಮೆ ಹಾಗೆ ಸಿಕ್ಕಿಕೊಂಡು, ಇಡೀ ಒಂದು ಹಗಲು ಬಡಿದು, ಈಚೆಗೆ ಬಂದವರು. ಮಾರಿಯಮ್ಮ ಲಟ್ಟಣಿಗೆ ತೆಗೆದುಕೊಂಡು ಈ ಕಡೆಯಿಂದ ಬಡಿದಳು. ಆ ಕಡೆ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಸೆಲ್ವಿ ಬರುವವರೆಗೂ ಅವಳು ಗೋಡೆಯ ಪಕ್ಕದಿಂದ ಏಳಲಿಲ್ಲ.

"ಮನೇಲಿ ಬಿಟ್ಟೋಗಿದೀನಿ ಅಂದ್ಕೊಂಡಿದೀಯ ನೀನು" ಎಂದಳು ಮಾರಿಯಮ್ಮ. "ಅಣ್ಣ ಬಂಡೆ ಕೆಳಗವ್ರೆ ಕಣೇ. ಆ ಬೀಗ ನನ್ ಕೈಗೆ ಕೊಡು."

"ಬೀಗ ತೆಗುದ್ರೆ ಗುಂಡಿಗೆ ಬೀಳ್ತಾರೆ. ಸಂಗು ತೆಗುದ್ರೆ ಉಣ್ಣಲ್ಲ. ಕೆಲ್ಸ ಬಿಟ್ರೆ ಯಾರೂ ಉಣ್ಣಲ್ಲ. ಯಾವ್ದು ತೆಗೀಲಿ ಮಾರಿಯಕ್ಕಾ, ನೀನೇ ಯೋಳು."

ಒಳಗೆ ಕುಪ್ಪುಸ್ವಾಮಿ ಸುಣ್ಣದ ಪುಡಿ ಮೆತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಸೆಲ್ವಿಗೆ ದಾರಿ ತೋರಿಸಿದ್ದು ಸುಬ್ರಮಣಿ ನಗುತ್ತ ಆಡಿದ ಮಾತು. ಟೋಕನ್! ಅದು ಗಣಿಗೆ ಇಳಿಯುವ ಮುನ್ನ ತೋರಿಸಬೇಕಾದ, ಕುಪ್ಪುಸ್ವಾಮಿಯವರ ನಂಬರು ಒತ್ತಿದ ಹಿತ್ತಾಳೆ ಬಿಲ್ಲೆ. ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿರುತ್ತದೆ. ಹೊಸದಾಗಿ ಮದುವೆಯಾಗಿ ಬಂದಾಗ ಅತ್ತೆ ಅವಳಿಗೆ ಅದರ ಕಥೆ ಹೇಳಿ ನಗಿಸುತ್ತಿದ್ದರು. ಒಮ್ಮೆ ಮಾವ ಟೋಕನ್ ಮರೆತು ಹೋಗಿ, ಶಾಫ್ಟಿನ ಬಾಯಲ್ಲಿ ಅವರನ್ನು ತಡೆದು ವಾಪಸು ಕಳುಹಿಸಿದ್ದರಂತೆ. ಅಂದಿನಿಂದ ಟೋಕನ್ ಜೇಬಿನಲ್ಲಿಲ್ಲದೆ ಅವರು ಹೊಸಿಲು ದಾಟಿದವರಲ್ಲ.

ಮರುದಿನ ಬೆಳಗ್ಗೆ ಮಾವ ಮಲಗಿದ್ದಾಗ ಅವಳು ಅದನ್ನು ಮೊಳೆಯಿಂದ ತೆಗೆದು ಸೆರಗಿಗೆ ಗಂಟು ಹಾಕಿಕೊಂಡಳು. ಬಾಗಿಲನ್ನು ತೆರೆದೇ ಹೋದಳು. ಅಂದು ಹೊಲಿದ ಕಾಲರ್‌ಗಳು ಸೊಟ್ಟಗಾಗಿ ಸೂಪರ್‌ವೈಸರಿನಿಂದ ಬೈಸಿಕೊಂಡಳು. ಸಂಜೆ ಸ್ಟೇಷನ್ನಿನಿಂದ ಓಡುತ್ತ ಬಂದರೆ ಬಾಗಿಲು ತೆರೆದಿತ್ತು, ಮಾವ ಹೊಸಿಲ ಮೇಲೆ ಕೂತಿದ್ದರು. ಡಬ್ಬಿ ಖಾಲಿ, ಮುಚ್ಚಳ ಖಾಲಿ. ಒಳಗೆ ಟ್ರಂಕು, ಹಾಸಿಗೆ, ಅಕ್ಕಿ ಡಬ್ಬ ಎಲ್ಲವೂ ಬೋರಲಾಗಿ ಬಿದ್ದಿದ್ದವು.

"ಈ ಮನೇಲಿ ಕಳ್ರು ಅವ್ರೆ" ಎಂದರು ಕುಪ್ಪುಸ್ವಾಮಿ.

ಸೆಲ್ವಿ ಗಂಟು ಬಿಚ್ಚಿ ಟೋಕನ್ ಕೊಟ್ಟಳು. ಗಣಿಯ ಟೈಮ್ ಆಫೀಸಿನಲ್ಲಿತ್ತು, ಈಗ ಕೊಟ್ಟರು ಎಂದಳು. ಅವರು ನಂಬರನ್ನು ಬೆರಳಿನಿಂದ ಸವರಿ ನೋಡಿ, ಮೊಳೆಗೆ ನೇತುಹಾಕಿ, ಇವತ್ತಿನ ಶಿಫ್ಟು ಹಾಳಾಯಿತೆಂದು ನಿಟ್ಟುಸಿರು ಬಿಟ್ಟರು.

ಈಗ ದಿನವೂ ಇದೇ. ಸಂಗು ಕೂಗುತ್ತದೆ, ಅವರು ಉಣ್ಣುತ್ತಾರೆ, ಶರಟು ಹಾಕಿಕೊಳ್ಳುತ್ತಾರೆ, ಮೊಳೆಯ ಕಡೆ ಕೈ ನೀಡುತ್ತಾರೆ. ಆಮೇಲೆ ಸಂಜೆಯವರೆಗೆ ಹುಡುಕುತ್ತಾರೆ. ದಾರಿಯಲ್ಲಿ ಹೋಗುವವರನ್ನು ಕರೆದು ಕಂಡಿರಾ ಎಂದು ಕೇಳುತ್ತಾರೆ. ಬಾಗಿಲು ತೆರೆದೇ ಇರುತ್ತದೆ; ಅವರು ಹೊಸಿಲು ದಾಟುವುದಿಲ್ಲ. ಸೊಸೆಯನ್ನು ಈಚೆಗೆ 'ಅಮ್ಮಾ' ಎನ್ನುವುದಿಲ್ಲ. ಅವಳು ಬಡಿಸುವಾಗ ಅವಳ ಕೈಯನ್ನೇ ನೋಡುತ್ತಿರುತ್ತಾರೆ. ಭಾನುವಾರ ಮಾತ್ರ ಸಂಗು ಕೂಗುವುದಿಲ್ಲ. ಅಂದು ಅವಳೇ ತುತ್ತು ಮಾಡಿ ಕೊಡುತ್ತಾಳೆ, ಅವರು ಮೊಳೆಯ ಕಡೆ ತಿರುಗಿಯೂ ನೋಡುವುದಿಲ್ಲ.

ಹೋದ ವಾರ ಒಂದು ಬೆಳಗ್ಗೆ ಅವಳು ಮೊಳೆಗೆ ಕೈ ಹಾಕಿದಾಗ ಮಾವ ಎದ್ದು ಕೂತಿದ್ದರಂತೆ. ಅದೇ ಮೊಳೆಗೆ ಅವಳ ಫ್ಯಾಕ್ಟರಿಯ ಗುರುತಿನ ಚೀಟಿಯೂ ನೀಲಿ ದಾರದಲ್ಲಿ ನೇತಾಡುತ್ತಿರುತ್ತದೆ. ಸಿಕ್ಕಿಬಿದ್ದೆನೆಂದು ಸೆಲ್ವಿ ಹಾಗೆಯೇ ನಿಂತಳು. ಕುಪ್ಪುಸ್ವಾಮಿ ಮೆಲ್ಲಗೆ ಎದ್ದು ಬಂದು, ಅವಳ ಬೆರಳುಗಳಿಂದ ಬಿಲ್ಲೆಯನ್ನು ಬಿಡಿಸಿ ಮೊಳೆಗೆ ಹಾಕಿ, ಚೀಟಿಯನ್ನು ತೆಗೆದು ಅವಳ ಕೈಯಲ್ಲಿಟ್ಟರು.

"ಅದು ನಂದಮ್ಮ. ನಿಂದು ಇದು" ಎಂದರು. "ಮರ್ತೋಗ್ಬೇಡ. ಇದಿಲ್ದೆ ಓದ್ರೆ ಒಳಕ್ಕೆ ಬಿಡಲ್ಲ."

ಎಷ್ಟೋ ದಿನಗಳ ಮೇಲೆ ಅವರು 'ಅಮ್ಮಾ' ಎಂದಿದ್ದರು. ಸೆಲ್ವಿ ಚೀಟಿಯನ್ನು ಕೊರಳಿಗೆ ಹಾಕಿಕೊಂಡಳು. ಅವರು ಕಂಬಳಿ ಮಡಿಸಲು ಬೆನ್ನು ತಿರುಗಿಸಿದಾಗ ಮೊಳೆಯಿಂದ ಬಿಲ್ಲೆಯನ್ನೂ ತೆಗೆದುಕೊಂಡಳು.

ಇದನ್ನು ಅವಳು ನನಗೆ ಹೇಳಿದ್ದು ಸ್ಟೇಷನ್ನಿನಲ್ಲಿ, ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಮನೆಯ ಕಡೆ ನೋಡುತ್ತ. ರೈಲು ಬಂತು. ಹತ್ತಿದ ಮೇಲೂ ಅವಳು ಒಳಗೆ ಹೋಗಲಿಲ್ಲ, ಬಾಗಿಲಲ್ಲೇ ನಿಂತಿದ್ದಳು. ಆ ಹೊತ್ತಿಗೆ ಮನೆಯಲ್ಲಿ ಸಂಗು ಕೂಗಬೇಕು.