ಮೂರು ದೀಪದ ಟೋಪಿ

ಸಂಜೆ ನಾಲ್ಕು ಗಂಟೆಗೆ ನಾನು ಆ ಕೋಣೆಗೆ ಕಾಲಿಡುವುದಿಲ್ಲ. ಬೇರೆ ಹೊತ್ತಿನಲ್ಲಿ ಗುಡಿಸುತ್ತೇನೆ, ಒರೆಸುತ್ತೇನೆ, ಕಿಟಕಿ ತೆರೆದು ವರ್ತೂರು ಕೆರೆಯ ನಾತ ಬಂದರೆ ಬೈದುಕೊಂಡು ಮುಚ್ಚುತ್ತೇನೆ. ನಾಲ್ಕಕ್ಕೆ ಮಾತ್ರ ಒಳಗಿಂದ ವಿಮಾನದ ಎಂಜಿನ್ನಿನ ಸದ್ದು ಬರುತ್ತದೆ. ಕಂಪ್ಯೂಟರಿನ ಪ್ಲಗ್ಗು ಕಿತ್ತಿಟ್ಟಿದ್ದೇನೆ, ಆದರೂ ಬರುತ್ತದೆ. ಅರವತ್ತೈದಕ್ಕೆ ಅರಳು ಮರಳು ಎನ್ನುವವರು ಎನ್ನಲಿ, ನನಗೇನು.

ನಾವು ಗಂಡಹೆಂಡತಿ ಇಬ್ಬರೂ ಒಂದೇ ವಿಮಾನ ಕಾರ್ಖಾನೆಯಲ್ಲಿ ದುಡಿದವರು. ಅವರು ಹ್ಯಾಂಗರಿನಲ್ಲಿ ಫಿಟ್ಟರ್, ನಾನು ಸ್ಟೋರ್ಸಿನಲ್ಲಿ ಗುಮಾಸ್ತೆ. ಮೂವತ್ತು ವರ್ಷ ವಿಮಾನದ ಹೊಟ್ಟೆಯ ಕೆಳಗೆ ಕತ್ತೆತ್ತಿ ನಿಂತು ಕೆಲಸ ಮಾಡಿದ ಮನುಷ್ಯ, ಒಂದು ದಿನವೂ ಅದನ್ನು ಹಾರಿಸಿದವರಲ್ಲ. ನಿವೃತ್ತಿಯಾದ ಮೇಲೆ ಆ ಆಸೆ ತಲೆಗೇರಿತು. ದೊಡ್ಡ ಪರದೆಯ ಕಂಪ್ಯೂಟರು ಬಂತು, ಜಾಯ್‌ಸ್ಟಿಕ್ ಬಂತು, ವಿಮಾನ ಹಾರಿಸುವ ಸಿಮ್ಯುಲೇಟರ್ ಆಟ ಬಂತು. ಕೊನೆಗೆ ಒಂದು ಪುಟ್ಟ ಕ್ಲಿಪ್ಪು ಬಂತು. ಅದಕ್ಕೆ ಮೂರು ದೀಪ. ಕಾರ್ಖಾನೆಯ ಹಳೇ ನೀಲಿ ಟೋಪಿಗೆ ಅದನ್ನು ಸಿಕ್ಕಿಸಿಕೊಂಡು ಕೂರುತ್ತಿದ್ದರು.

"ಇದೇನ್ರೀ, ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ ಹಾಕ್ಕೊಂಡು ಕೂತಿದೀರಾ?" ಎಂದು ನಕ್ಕಿದ್ದೆ.

"ಹೆಡ್ ಟ್ರ್ಯಾಕಿಂಗ್ ಕಣೇ. ಪರದೆ ಮೇಲಿರೋ ಕ್ಯಾಮೆರಾ ಈ ದೀಪ ನೋಡ್ತಿರತ್ತೆ. ನಾನು ತಲೆ ಒಂಚೂರು ತಿರುಗಿಸಿದ್ರೆ ಸಾಕು, ಪೈಲಟ್ಟು ಪೂರ್ತಿ ತಿರುಗಿ ನೋಡಿದ ಹಾಗಾಗತ್ತೆ. ನೋಡಿಲ್ಲಿ."

ಅವರು ಕತ್ತನ್ನು ಎರಡು ಬೆರಳಷ್ಟು ಎಡಕ್ಕೆ ಹೊರಳಿಸಿದರು. ಪರದೆಯಲ್ಲಿ ಆಕಾಶವೆಲ್ಲ ಗಿರ್ರನೆ ತಿರುಗಿ ಎಡಗಡೆಯ ರೆಕ್ಕೆ ಬಂದು ನಿಂತಿತು. ನನಗೆ ತಲೆಸುತ್ತು ಬಂದು ಬಾಗಿಲು ಹಿಡಿದುಕೊಂಡೆ.

ಅಡುಗೆಮನೆಯ ಬಾಗಿಲು ಅವರ ಎಡಕ್ಕೆ. ಹಾಗಾಗಿ ನಾನು "ರೀ" ಎಂದು ಕೂಗಿದಾಗಲೆಲ್ಲ ಅವರು ಎಡಕ್ಕೆ ತಿರುಗುವುದು, ವಿಮಾನದೊಳಗಿನ ನೋಟವೂ ತಿರುಗುವುದು, ಇಳಿಯಬೇಕಾದ ರನ್‌ವೇ ತಪ್ಪಿ ಹೋಗುವುದು. "ನೀನು ಕರೆದ್ರೆ ಭೂಮಿನೇ ತಿರುಗಿ ಹೋಗತ್ತಲ್ಲೇ" ಎಂದು ಗೋಳಾಡುವರು. ಒಳಗೊಳಗೇ ನನಗೆ ಅದು ಇಷ್ಟವಿತ್ತು. ಮದುವೆಯಾಗಿ ಅಷ್ಟು ವರ್ಷವಾದ ಮೇಲೆ, ಕರೆದ ಕೂಡಲೇ ಆಕಾಶ ಬಿಟ್ಟು ತಿರುಗಿ ನೋಡುವ ಗಂಡ ಎಷ್ಟು ಜನಕ್ಕಿದ್ದಾನೆ?

ಆದರೂ ಒಂದು ದಿನ ಸಿಟ್ಟಿನಲ್ಲಿ ನಾನೇ ಕಾನೂನು ಮಾಡಿದೆ. "ಇನ್ಮೇಲೆ ತಿರುಗಬೇಡಿ. ಹ್ಯಾಂಗರಲ್ಲಿ ಮಾಡ್ತಿದ್ರಲ್ಲ, ಹಾಗೆ ಹೆಬ್ಬೆರಳು ಎತ್ತಿಬಿಡಿ. ಕೇಳಿಸ್ತು ಅಂದ್ಕೋತೀನಿ." ಹ್ಯಾಂಗರಿನಲ್ಲಿ ಎಂಜಿನ್ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ, ಹೆಬ್ಬೆರಳು ಎತ್ತಿದರೆ ಗೊತ್ತಾಯಿತು, ಎಲ್ಲ ಸರಿಯಿದೆ ಎಂದು ಲೆಕ್ಕ. ಮಾರನೆಯ ದಿನದಿಂದ ಅವರು ಎಡಗೈ ಹೆಬ್ಬೆರಳು ಎತ್ತುತ್ತಿದ್ದರು. ನಾನು ಕಾಫಿ ಲೋಟ ಇಟ್ಟು ಬರುತ್ತಿದ್ದೆ.

ಹಾರಿದ್ದನ್ನೆಲ್ಲ ರೆಕಾರ್ಡ್ ಮಾಡುವ ಚಟ ಬೇರೆ. ಮುಂದೆ ಒಂದು ಮೈಕು ಇಟ್ಟುಕೊಂಡು ಕಾಮೆಂಟರಿ ಹೇಳುತ್ತ ಹಾರಿಸಿ, ಆ ವಿಡಿಯೋವನ್ನು ಕುಂದಲಹಳ್ಳಿಯಲ್ಲಿರುವ ಸ್ನೇಹಿತರೊಬ್ಬರಿಗೆ ಕಳಿಸುತ್ತಿದ್ದರು. ಅವರೂ ನಮ್ಮ ಕಾರ್ಖಾನೆಯವರೇ, ಅವರಿಗೂ ಇದೇ ಹುಚ್ಚು. ನಮ್ಮವರ ಹಾದಿ ದಿನಾ ಒಂದೇ: ಕಾರ್ಖಾನೆಯ ರನ್‌ವೇಯಿಂದ ಎದ್ದು, ವರ್ತೂರು ಕೆರೆಗೆ ಬಂದು, ನಮ್ಮ ಮನೆಯನ್ನು ಎಡಕ್ಕಿಟ್ಟುಕೊಂಡು ಸುತ್ತುವುದು. ಆಟದಲ್ಲಿ ಕೆರೆ ಎಷ್ಟು ನೀಲಿ ಅಂತೀರಿ! ನೊರೆಯಿಲ್ಲ, ನಾತವಿಲ್ಲ. ನಮ್ಮ ಆರ್‌ಸಿಸಿ ಮನೆಗೆ ಅದ್ಯಾರೋ ಪುಣ್ಯಾತ್ಮರು ಕೆಂಪು ಹೆಂಚು ಹೊದಿಸಿಬಿಟ್ಟಿದ್ದರು.

ಆಮೇಲೆ ಅವರ ಕತ್ತು ನೋಯಲು ಶುರುವಾಯಿತು. ಟೋಪಿಯ ವಿದ್ಯೆಯಲ್ಲಿ ತಲೆ ಒಂದು ಕಡೆ ತಿರುಗಬೇಕು, ಕಣ್ಣು ಮಾತ್ರ ಎದುರಿನ ಪರದೆ ಬಿಡಬಾರದು. ಹ್ಯಾಂಗರಿನಲ್ಲಿ ಮೊದಲೇ ಹಾಳಾದ ಕತ್ತು, ಕೇಳಬೇಕೆ? ರಾತ್ರಿಯೆಲ್ಲ ನರಳುವರು. ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್ ಆದರೆ ಆ ತೊಂದರೆಯಿಲ್ಲ, ಎತ್ತ ತಿರುಗಿದರೂ ಕಣ್ಣ ಮುಂದೆಯೇ ಕಾಣುತ್ತದೆ ಎಂದು ನಾನೇ ವಿಚಾರಿಸಿ ತಿಳಿದುಕೊಂಡೆ. ನಾನೇ ತರಿಸಿದೆ. ಹುಟ್ಟುಹಬ್ಬಕ್ಕೆಂದು ಡಬ್ಬಕ್ಕೆ ಬಣ್ಣದ ಕಾಗದ ಸುತ್ತಿ ನಾನೇ ಕೊಟ್ಟೆ.

ಸ್ಪೀಕರ್ ಹಾಕಿದ ಫೋನಿನಲ್ಲಿ ಸ್ನೇಹಿತರು ಜಗಳಕ್ಕೆ ನಿಂತರು. "ಟೋಪಿನೇ ಸರಿ ಕಣೋ. ಅದನ್ನ ಮುಖಕ್ಕೆ ಕಟ್ಕೊಂಡ್ರೆ ಕೀಬೋರ್ಡ್ ಕಾಣಲ್ಲ, ಕಾಫಿ ಕಾಣಲ್ಲ, ಹೆಂಡ್ತಿ ಕಾಣಲ್ಲ."

"ಅದೇ ತಾನೇ ಸುಖ!" ಎಂದು ನಮ್ಮವರು ನನಗೆ ಕೇಳುವ ಹಾಗೆ ಕೂಗಿದರು. ಮೂವರೂ ನಕ್ಕೆವು.

ಮೊದಲ ದಿನ ಹೆಡ್‌ಸೆಟ್ ಹಾಕಿಕೊಂಡು ಗಾಳಿಯಲ್ಲಿ ಕೈ ಚಾಚಿ, ಇಲ್ಲದ ಸ್ವಿಚ್ಚುಗಳನ್ನು ಒಂದೊಂದಾಗಿ ಸವರಿದರು. "ಲೇ, ಒಳಗೇ ಕೂತಿದೀನಿ ಕಣೇ" ಎಂದಾಗ ದನಿ ಒಡೆದಿತ್ತು. ನನಗೂ ಅಳು ಬಂತು.

ಅಲ್ಲಿಂದ ಅವರ ತಲೆಗೆ ಅಂಕೆ ತಪ್ಪಿತು. ಟೋಪಿ ಇದ್ದಾಗ ನೆಟ್ಟಗೆ ಕೂರುತ್ತಿದ್ದವರು ಈಗ ಬಗ್ಗಿ ಕೆಳಗಿನ ಕೆರೆ ನೋಡುವರು, ಕತ್ತು ಹಿಂದಕ್ಕೆ ಚೆಲ್ಲಿ ಮೋಡ ನೋಡುವರು, ಒಂದು ಪಕ್ಕಕ್ಕೆ ವಾಲಿ ಐದು ನಿಮಿಷ ಹಾಗೇ ಇರುವರು. ಮೊದಮೊದಲು ಗಾಬರಿಯಾಗಿ ಓಡಿಹೋಗಿ ಭುಜ ಅಲುಗಿಸುತ್ತಿದ್ದೆ. "ಹಾರ್ತಿದೀನಿ ಮಾರಾಯ್ತಿ, ಬಿಡು!" ಎಂದು ರೇಗುವರು. ಬಿಟ್ಟೆ. ಬಗ್ಗಿದ ತಲೆ ನನ್ನ ಕಣ್ಣಿಗೆ ಅಭ್ಯಾಸವಾಗಿ ಹೋಯಿತು.

ಆ ಮಧ್ಯಾಹ್ನ ನಮ್ಮಿಬ್ಬರಿಗೂ ಒಂದು ಮಾತಾಗಿತ್ತು. ಮಹದೇವಪುರದಲ್ಲಿ ನನ್ನ ತಂಗಿಯ ಮನೆಯ ಸತ್ಯನಾರಾಯಣ ಪೂಜೆಗೆ ಬರುವುದಿಲ್ಲ ಎಂದಿದ್ದರು. "ಇಪ್ಪತ್ನಾಲ್ಕು ಗಂಟೆ ಆ ಡಬ್ಬದೊಳಗೆ ಮುಖ ತೂರಿಸ್ಕೊಂಡಿರಿ" ಎಂದು ಮುಖ ಊದಿಸಿಕೊಂಡಿದ್ದೆ. ನಾಲ್ಕಕ್ಕೆ ಕಾಫಿ ತಂದೆ. ಅವರ ತಲೆ ಎದೆಯ ಮೇಲೆ ಬಾಗಿತ್ತು. ಲೋಟ ಇಟ್ಟು ಮಾತಾಡಿಸಿದೆ. ಹೆಬ್ಬೆರಳು ಏಳಲಿಲ್ಲ. ಬೇಕೆಂದೇ ಎತ್ತುತ್ತಿಲ್ಲ, ಇನ್ನೂ ಸಿಟ್ಟು ಎಂದುಕೊಂಡೆ. ಏನೋ ಅಂದು, ಬೆನ್ನು ತಿರುಗಿಸಿ ಬಂದುಬಿಟ್ಟೆ. ಅರ್ಧ ಗಂಟೆಯ ಮೇಲೆ ಲೋಟ ತರಲು ಹೋದರೆ ಕಾಫಿ ಕೆನೆ ಕಟ್ಟಿ ಹಾಗೇ ಇತ್ತು. ಭುಜ ಮುಟ್ಟಿದೆ. ಈ ಸಲ ಅವರು ರೇಗಲಿಲ್ಲ.

"ಹಾರ್ಟು. ಒಂದು ಕ್ಷಣದಲ್ಲಿ ಆಗಿಬಿಟ್ಟಿರತ್ತೆ ಅಮ್ಮ, ಅವರಿಗೆ ಏನೂ ಗೊತ್ತಾಗಿರಲ್ಲ" ಎಂದರು ಡಾಕ್ಟರು. ಆ ಮಾತನ್ನೇ ಸೆರಗಿಗೆ ಗಂಟು ಹಾಕಿಕೊಂಡು ಇಷ್ಟು ದಿನ ತಳ್ಳಿದೆ. ನಾನು ಕಾಫಿ ಇಟ್ಟಾಗ ಎಲ್ಲ ಮುಗಿದಿತ್ತು; ನಾನು ನಿಂತು ನೋಡಿದ್ದರೂ ಏನೂ ಆಗುತ್ತಿರಲಿಲ್ಲ. ಹಗಲೆಲ್ಲ ಇದನ್ನೇ ಜಪಿಸುತ್ತಿದ್ದೆ. ನಾಲ್ಕು ಗಂಟೆಗೆ ಎಂಜಿನ್ ಸದ್ದು ಬಂದಾಗ ಮಾತ್ರ ಜಪ ತಪ್ಪುತ್ತಿತ್ತು. ಮುಗಿದಿತ್ತೋ ಇಲ್ಲವೋ ಹೇಳಬಲ್ಲದ್ದು ಮನೆಯಲ್ಲಿ ಒಂದೇ ಇತ್ತು: ಅವತ್ತಿನ ರೆಕಾರ್ಡಿಂಗು. ಹೆಡ್‌ಸೆಟ್ಟಿನಲ್ಲಿ ಅವರಿಗೆ ಕಂಡಿದ್ದೆಲ್ಲ ಕಂಪ್ಯೂಟರಿನಲ್ಲಿ ವಿಡಿಯೋ ಆಗಿ ಕೂತಿತ್ತು.

ಹೋದ ವಾರ ಸ್ನೇಹಿತರು ಮನೆಗೆ ಬಂದರು. ಹಳೇ ಹಾರಾಟಗಳನ್ನೆಲ್ಲ ನೆನಪಿಗೆ ತೆಗೆದಿಟ್ಟುಕೊಳ್ಳುತ್ತೇನೆ ಎಂದರು. ಪ್ಲಗ್ಗು ಹಾಕಿದ್ದೇ ತಡ, ವೈರು ಬಿಚ್ಚದೆ ಮೊಳೆಗೆ ನೇತುಹಾಕಿದ್ದ ಟೋಪಿಯ ಮೂರು ದೀಪವೂ ಹತ್ತಿಕೊಂಡವು. ವಿಡಿಯೋ ತೆರೆಯುವುದು ಹೇಗೆಂದು ನನಗೂ ತೋರಿಸಿಕೊಟ್ಟರು. ಕೊನೆಯದರ ಹತ್ತಿರ ಬಂದಾಗ ಅವರ ಕೈ ನಿಂತಿತು.

"ಇದು ಬೇಡ ಅತ್ತಿಗೆ. ನೋಡ್ಬೇಡಿ."

"ಆಯ್ತು" ಎಂದೆ.

ಅವರು ಹೋದ ಮಾರನೆಯ ಬೆಳಿಗ್ಗೆ, ಸ್ನಾನ ಮುಗಿಸಿ, ದೇವರಿಗೆ ದೀಪ ಹಚ್ಚಿ, ಬಂದು ಕೂತು ಹಾಕಿದೆ.

ಮೊದಲು ನಮ್ಮವರ ದನಿ. ಜೀವವಿದ್ದ ದನಿ. "ಅಗೋ, ಎಡಗಡೆ ನಮ್ಮ ಹೆಂಚಿನ ಮನೆ. ಒಳಗೆ ನಮ್ಮವಳು ಮುಖ ಊದಿಸ್ಕೊಂಡಿದಾಳೆ. ಹೋಗ್ತೀನಿ ಮಾರಾಯಾ ಪೂಜೆಗೆ, ಹೇಳಿಲ್ಲ ಅಷ್ಟೆ, ಸ್ವಲ್ಪ ಆಟ ಆಡಿಸೋಣ." ಒಂದು ಸುತ್ತು, ಎರಡು ಸುತ್ತು. ಆಮೇಲೆ "ಯಾಕೋ..." ಎಂದು ನಿಂತುಹೋಯಿತು. ಬರೀ ಎಂಜಿನ್. ನೋಟ ನಿಧಾನಕ್ಕೆ ಜಾರಿ ಪೈಲಟ್ಟಿನ ಮೊಣಕಾಲಿನ ಮೇಲೆ ಬಿತ್ತು. ವಿಮಾನ ತನ್ನ ಪಾಡಿಗೆ ತಾನು ಕೆರೆಯ ಮೇಲೆ ಸುತ್ತುತ್ತಲೇ ಇತ್ತು. ನೋಟ ಅಲುಗಲಿಲ್ಲ. ಡಾಕ್ಟರು ಹೇಳಿದ್ದೇ ನಿಜ ಎಂದು ಕೈ ಮುಗಿದೆ.

ಅಷ್ಟರಲ್ಲಿ ಚಪ್ಪಲಿಯ ಸದ್ದು. ಲೋಟ ಇಟ್ಟ ಸದ್ದು. ನನ್ನ ದನಿ. "ಕಾಫಿ ರೀ." ಆಮೇಲೆ ಮತ್ತೆ ನನ್ನದೇ ದನಿ: "ಅಬ್ಬಾ, ಏನು ಜಂಬ! ಹೆಬ್ಬೆರಳೂ ಭಾರ ಆಯ್ತಾ?"

ಮೊಣಕಾಲಿನ ಮೇಲಿದ್ದ ನೋಟ ಎದ್ದಿತು. ನಡುಗುತ್ತ, ತಡೆಯುತ್ತ, ಸ್ವಲ್ಪ ಸ್ವಲ್ಪವಾಗಿ ಎಡಕ್ಕೆ ತಿರುಗಿತು. ನಾನು ಹೊರಟಿದ್ದ ಬಾಗಿಲಿನ ಕಡೆಗೆ ಪೂರ್ತಿ ತಿರುಗಿ ನಿಂತಿತು. ಅಲ್ಲಿ ನಾನಿರಲಿಲ್ಲ. ಬಿಳಿ ರೆಕ್ಕೆ, ಅದರ ಕೆಳಗೆ ನೀಲಿ ಕೆರೆ, ಹೆಂಚಿನ ಮನೆ. ನಾನು ಅಡುಗೆಮನೆ ಸೇರಿ, ನಲ್ಲಿ ತಿರುಗಿಸಿ, ಒಂದು ಪಾತ್ರೆ ತೊಳೆದು ಬೋರಲು ಹಾಕಿದ ಸದ್ದು ಮೈಕಿನಲ್ಲಿ ಕೇಳುವವರೆಗೂ ಅವರು ಆ ಕಡೆಯೇ ನೋಡುತ್ತಿದ್ದರು. ಆಮೇಲೆ ತಲೆ ಬಿತ್ತು.

ಎಷ್ಟು ಹೊತ್ತು ಕೂತಿದ್ದೆನೋ. ಫೋನ್ ಬಂದಾಗ ನಾಲ್ಕಾಗಿತ್ತು, ನಾನು ಆ ಕೋಣೆಯಲ್ಲೇ ಇದ್ದೆ. ಸ್ನೇಹಿತರು ತಡವರಿಸುತ್ತ ಕೇಳಿದರು.

"ನೋಡ್ಬಿಟ್ರಾ ಅತ್ತಿಗೆ? ನಂಗೂ ನಿನ್ನೆಯಿಂದ ಅದೇ ಯೋಚ್ನೆ. ಡಾಕ್ಟ್ರು ಹೇಳಿದ್ದು ಹೌದಲ್ವಾ? ಅವನಿಗೆ ಏನೂ ಗೊತ್ತಾಗ್ಲಿಲ್ಲ ತಾನೇ?"

"ಇಲ್ಲ, ಏನೂ ಗೊತ್ತಾಗಿಲ್ಲ" ಎಂದೆ.