ನಂದಿನಿಯ ನಲವತ್ತೊಂದು

ಗದ್ದೆಯ ಬದುವಿನ ಮೇಲೆ ನಿಂತು ಕಬ್ಬು ಎಷ್ಟು ಟನ್ ಬಂದೀತು ಅಂತ ಹೇಳುವ ಚಟ ನನಗೆ. ತಳಿ ಯಾವುದು, ನೀರೆಷ್ಟು, ಹೊಸ ನಾಟಿಯೋ ಕಡಿದ ಬುಡದಿಂದ ಚಿಗುರಿದ ಕೂಳೆಯೋ, ಇಷ್ಟು ನೋಡಿದರೆ ಸಾಕು. ತಪ್ಪಿದ್ದೇ ಹೆಚ್ಚು, ಸರಿಯಾದದ್ದನ್ನು ಮಾತ್ರ ನಮ್ಮೂರು ಪೂರಿಗಾಲಿ ತುಂಬ ಹೇಳಿಕೊಂಡು ತಿರುಗಿದ್ದೇನೆ. ಹಾಗಾಗಿ ಮಂಡ್ಯದಲ್ಲಿ ಸಂಖ್ಯಾಶಾಸ್ತ್ರ ಓದುವ ದೊಡ್ಡ ಮೊಮ್ಮಗಳು ರಶ್ಮಿ ರಜೆಗೆ ಬಂದು ತನ್ನ ಪ್ರಾಜೆಕ್ಟು ಬಿಡಿಸಿ ಹೇಳಿದಾಗ, ಹೈಸ್ಕೂಲಿಗೇ ಓದು ಮುಗಿಸಿದ ನನಗೂ ಅರ್ಥವಾಗಿಬಿಟ್ಟಿತು. ಹಾಜರಿ, ಹಳೆಯ ಟೆಸ್ಟಿನ ಅಂಕ, ನಿದ್ದೆ, ಬಸ್ಸಿನ ದೂರ, ತಾಯಿಯ ಓದು ಎಲ್ಲವನ್ನೂ ಒಟ್ಟಿಗೆ ತೂಗಿ, ಮಗು ಗಣಿತದಲ್ಲಿ ಎಷ್ಟು ತೆಗೆದೀತು ಅಂತ ಅಂದಾಜು ಮಾಡುವುದು. ಅದಕ್ಕೆ ಮಲ್ಟಿಪಲ್ ರಿಗ್ರೆಶನ್ ಅಂತ ಹೆಸರಂತೆ. ನಾನು ಬದುವಿನ ಮೇಲೆ ಮಾಡುತ್ತಿದ್ದುದೂ ಅದೇ, ಹೆಸರು ಗೊತ್ತಿರಲಿಲ್ಲ ಅಷ್ಟೆ.

ಕಿರಿಮಗನ ಮಗಳು ನಂದಿನಿಗೆ ಈ ಸಲ ಎಸ್ಸೆಸ್ಸೆಲ್ಸಿ. ರಶ್ಮಿ ಸುಮ್ಮನೆ ತಮಾಷೆಗೆ ಅವಳ ವಿವರ ಹಾಕಿ ನೋಡಿದಳು: ನೂರಕ್ಕೆ ನಲವತ್ತೊಂದು. "ಅವಳಿಗೆ ಹೇಳ್ಬೇಡಿ ತಾತ" ಅಂದಳು.

ಹೇಳಿಬಿಟ್ಟೆ. ಕೆಟ್ಟ ಮನಸ್ಸಿನಿಂದಲ್ಲ. ಮುದ್ದೆ ಮುಂದಿಟ್ಟುಕೊಂಡೂ ಮಗು ಸೂತ್ರ ಗೊಣಗುತ್ತಿತ್ತು, ಕಣ್ಣಲ್ಲಿ ನೀರು. ನೋಡಲಾಗಲಿಲ್ಲ. "ಯಾಕವ್ವ ಇಂಗೆ ಒದ್ದಾಡ್ತೀಯ? ನಲವತ್ತೊಂದು ಬಂದೇ ಬತ್ತದೆ, ಕಂಪ್ಯೂಟರ್ರೇ ಹೇಳೈತೆ. ಪಾಸಾಯ್ತೀಯ ಬುಡು, ಉಣ್ಣು" ಅಂದೆ.

ಉಂಡಳು. ಕೈ ತೊಳೆದು ಬಂದು ಗಣಿತದ ಪುಸ್ತಕವನ್ನು ಅಟ್ಟಕ್ಕೆ ಎತ್ತಿಟ್ಟಳು. "ಓದಿದ್ರೂ ಅಷ್ಟೇ, ಓದ್ದೇ ಇದ್ರೂ ಅಷ್ಟೇ ಅಲ್ವಾ ತಾತ?"

ಪರೀಕ್ಷೆಗೆ ತಿಂಗಳೂ ಇರಲಿಲ್ಲ. ರಶ್ಮಿ ತಲೆ ಚಚ್ಚಿಕೊಂಡಳು. "ಅಯ್ಯೋ ತಾತ, ಅದು ಇಂಥ ಎಷ್ಟೋ ಮಕ್ಕಳನ್ನ ನೋಡಿ ಕಟ್ಟಿದ ಅಂದಾಜು. ಇವಳ ಹಣೆಬರಹ ಅಲ್ಲ!"

ಆಗ ಹೊಳೆಯಿತು ನನ್ನ ದಡ್ಡತನ. ಕಬ್ಬಿಗೆ ನನ್ನ ಮಾತು ಕೇಳಿಸದು. ಕಡಿಮೆ ಅಂದೆ ಅಂತ ಅದು ಬೆಳೆಯುವುದನ್ನು ಬಿಡುವುದಿಲ್ಲ. ಮಗುವಿಗೆ ಕೇಳಿಸುತ್ತದೆ.

ಸ್ಟೂಲು ಹಾಕಿಕೊಂಡು, ಸೊಸೆ ಕೈಲಿ ಬೈಸಿಕೊಂಡು, ಪುಸ್ತಕ ಇಳಿಸಿದೆ. "ತಪ್ಪಾಯ್ತು ಕಣವ್ವ. ನಿನ್ನ ಕೈ ನಾನೇ ಕಟ್ಟಾಕ್ದಂಗಾಯ್ತು."

ನಂದಿನಿ ನನ್ನ ಕಡೆ ನೋಡಲಿಲ್ಲ. ಅಕ್ಕನನ್ನು ಕೇಳಿದಳು: "ನಲವತ್ತೊಂದೇ ಯಾಕೆ ಬಂತು?"

ರಶ್ಮಿ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಅಂಕವನ್ನು ಹಾಜರಿ ಮೇಲಕ್ಕೆತ್ತಿತ್ತು. ಕೆಳಗೆಳೆದವುಗಳಲ್ಲಿ ತಾಯಿಯ ಓದೂ ಒಂದು: ಏಳನೇ ತರಗತಿ. ಒಲೆ ಮುಂದಿದ್ದ ಸೊಸೆ, ನಂದಿನಿಯ ಅಮ್ಮ, ಇನ್ನಷ್ಟು ಬಗ್ಗಿ ಸಾರು ತಿರುವಿದಳು.

ಅವತ್ತು ಸಂಜೆಯಿಂದ ನಂದಿನಿ ಅಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು ಎಂಟನೇ ಕ್ಲಾಸಿನ ಲೆಕ್ಕದಿಂದ ಶುರು ಮಾಡಿದ್ದಾಳೆ. "ಅಂಗಲ್ಲ ಕಣಮ್ಮ! ಮೈನಸ್ಸು ಆ ಕಡೆ ಹೋದ್ರೆ ಪ್ಲಸ್ಸಾಯ್ತದೆ, ಎಷ್ಟ್ ಸಲ ಹೇಳ್ಲಿ?" ಅಮ್ಮನಿಗೆ ಬಿಡಿಸಿ ಹೇಳುತ್ತಾ ಹೇಳುತ್ತಾ ಅವಳ ಗೊಣಗಾಟ ನಿಂತಿದೆ. ನಾನು ಟಿವಿ ಆರಿಸಿ ತೆಪ್ಪಗೆ ಕೂತಿರುತ್ತೇನೆ.

ನಿನ್ನೆ ರಶ್ಮಿ ಮಂಡ್ಯದ ಬಸ್ಸಿಗೆ ಹೊರಟಾಗ ನಂದಿನಿ ಬಾಗಿಲಿಗೆ ಅಡ್ಡ ನಿಂತಳು. "ಅಕ್ಕ, ಅಮ್ಮಂದು ಏಳು ಅಂತ ಹಾಕಿದ್ಯಲ್ಲ, ಅದನ್ನ ಅಳಿಸಿ ಎಂಟು ಮಾಡು."